ರುಚಿಗಾರನ ಪಥ್ಯ

ಬಾಯಲ್ಲಿದ್ದದ್ದು ಬೆಣ್ಣೆ ಹಾಕಿದ ಬಿಸ್ಕತ್ತೋ ಬೆಣ್ಣೆಯ ವಾಸನೆ ಹಾಕಿದ ಬಿಸ್ಕತ್ತೋ ಎಂಬುದು ಅವನಿಗೆ ಅವತ್ತು ಗೊತ್ತಾಗಲಿಲ್ಲ. ಇದೇನು ಸಣ್ಣ ವಿಷಯವಲ್ಲ. ಸೂರ್ಯ ಬೆಳಿಗ್ಗೆ ಎದ್ದವನು ಯಾವ ದಿಕ್ಕಿನಲ್ಲಿ ಹುಟ್ಟಬೇಕೆಂದು ತಲೆ ಕೆರೆದುಕೊಂಡು ನಿಂತರೆ ಹೇಗೋ ಹಾಗೆ. ಆ ಕಾರ್ಖಾನೆಯಲ್ಲಿ, ಆ ಊರಿನಲ್ಲಿ, ಅವನನ್ನೇ ಕೇಳಿದರೆ ಏಳು ಸಮುದ್ರಗಳ ಈಚೆಗೂ ಆಚೆಗೂ ಅಂಥ ನಾಲಿಗೆ ಇನ್ನೊಂದಿರಲಿಲ್ಲ. ಬಿಸ್ಕತ್ತಿನ ಒಂದು ಅಂಚು ಕಚ್ಚಿ, ಹಿಟ್ಟು ನಾದಿದವನಿಗೆ ಅವತ್ತು ನೆಗಡಿಯಿತ್ತೆಂದೂ ಸಕ್ಕರೆ ಚೀಲ ಕಿಟಕಿಯ ಪಕ್ಕದ್ದೆಂದೂ ಹೇಳುತ್ತಿದ್ದ. ಒಮ್ಮೆ ಹಾಲಿನ ಪುಡಿಯ ರುಚಿ ನೋಡಿ ಆ ಹಸುವಿನ ಸ್ವಭಾವವನ್ನೇ ಹೇಳಿದ್ದನೆಂದು ಜನ ಆಡಿಕೊಳ್ಳುತ್ತಿದ್ದರು, ಆ ಸುದ್ದಿ ಹುಟ್ಟಿಸಿದವನೂ ಅವನೇ. ಬಿಳಿ ಟೈಲ್ಸಿನ ಆ ಕೋಣೆಗೆ ಕಿಟಕಿಯಿಲ್ಲ. ಒಂದು ಮೇಜು, ಉಗುರುಬೆಚ್ಚಗಿನ ನೀರಿನ ಲೋಟ, ಮೊಣಕಾಲಿನ ಹತ್ತಿರ ಉದ್ದ ಕತ್ತಿನ ಸ್ಟೀಲಿನ ಉಗುಳುಪಾತ್ರೆ, ಅದರ ಮೇಲೆ ಗೋಡೆಯಲ್ಲಿ 'ರುಚಿ ನೋಡಿ, ನುಂಗಬೇಡಿ' ಎಂಬ ಬೋರ್ಡು. ಅವನಿಗಿಂತ ಮುಂಚಿನ ರುಚಿಗಾರರೆಲ್ಲ ಉಗಿದು ಉಗಿದು ಸಣಕಲಾಗಿಯೇ ನಿವೃತ್ತರಾಗಿದ್ದರು. ಇವನು ಮಾತ್ರ ಕೆಲಸಕ್ಕೆ ಸೇರಿದ ದಿನದಿಂದ ಆ ಪಾತ್ರೆಯ ಕಡೆ ತಿರುಗಿ ನೋಡಿರಲಿಲ್ಲ. ಗಂಟಲು ದಾಟದ ರುಚಿ ಅರ್ಧ ರುಚಿ, ಉಗಿಯುವುದು ಹೇಡಿಗಳ ಕೆಲಸ ಎಂದು ಸಾರಿ, ಊರಿನ ಮಕ್ಕಳೆಲ್ಲ ಸೇರಿ ತಿನ್ನಬಹುದಾದಷ್ಟನ್ನು ಒಬ್ಬನೇ ನುಂಗಿ, ಬೆಲ್ಟಿನ ಕೊನೆಯ ತೂತನ್ನೂ ದಾಟಿ ತಾನೇ ಮೊಳೆಯಿಂದ ಹೊಸ ತೂತುಗಳನ್ನು ಕೊರೆದುಕೊಂಡಿದ್ದ. ಈಗ ನೋಡಿದರೆ ಮೂರು ತಿಂಗಳಿಂದ ತಲೆ ಬಗ್ಗಿಸಿ, ಕಳ್ಳನ ಹಾಗೆ, ಪಾತ್ರೆಯೊಳಕ್ಕೆ ಉಗಿಯುತ್ತಿದ್ದಾನೆ. ಇವತ್ತು ಉಗಿದದ್ದು ಕೆಳಗೆ ಬಿದ್ದ ಸದ್ದು ಕೇಳಿ ಮೈ ಜುಮ್ಮೆಂದಿತು. ಇದೇ ಸದ್ದನ್ನು ಬೆಳಿಗ್ಗೆ ಅಡುಗೆಮನೆಯಲ್ಲಿ ಕೇಳಿದ್ದ. ಪೈಪಿನೊಳಗಿಂದ ಹೊರಬಿದ್ದದ್ದು ಬಕೆಟ್ಟಿಗೆ ಬಿದ್ದಾಗ.

ಮೂರು ತಿಂಗಳ ಹಿಂದೆ, ಮಗುವಾಗಲಿಲ್ಲವೆಂದು ಮಾಡಿಸಿದ ವೀರ್ಯಪರೀಕ್ಷೆಯ ಫಲಿತಾಂಶ ನೋಡಿ, ಡಾಕ್ಟರಮ್ಮ ತುಂಬ ಮರ್ಯಾದೆಯಿಂದಲೇ ಹೇಳಿದ್ದಳು. ಸಂಖ್ಯೆ ಪರವಾಗಿಲ್ಲ, ಚಲನೆ ಸಾಲದು ಎಂದಿದ್ದಳು. ಅವನಿಗೆ ಆ ಧಾಟಿ ಚೆನ್ನಾಗಿ ಗೊತ್ತು. ಬಣ್ಣ ಪರವಾಗಿಲ್ಲ, ಗರಿಗರಿ ಸಾಲದು ಎಂದು ಅದೇ ಧಾಟಿಯಲ್ಲಿ ಎಷ್ಟು ತಟ್ಟೆಗಳನ್ನು ಅವನು ವಾಪಸು ಕಳಿಸಿಲ್ಲ! ಕೊಟ್ಟವರ ಮುಖ ಹೇಗಾಗುತ್ತದೆಂದು ನೋಡಲು ಒಂದು ದಿನವೂ ತಲೆ ಎತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಈಜು ಕಲಿಸುವವಳು. ನೀರು ಕಂಡರೆ ಕಿರುಚುವವರನ್ನೂ ತಿಂಗಳೊಪ್ಪತ್ತಿನಲ್ಲಿ ಮೀನು ಮಾಡಿ ಕಳಿಸುವವಳು. ಅವಳು ಅಳಲಿಲ್ಲ, ಗಾಬರಿಯಾಗಲಿಲ್ಲ, ಮುಂದಕ್ಕೆ ಬಾಗಿ ಕಸುಬಿನವರು ಕೇಳುವ ಹಾಗೆ ಕೇಳಿದಳು: "ಬಾಲ ಬಡಿಯೋದೇ ಇಲ್ವಾ ಡಾಕ್ಟ್ರೇ, ಅಥವಾ ಬಡಿದ್ರೂ ಮುಂದೆ ಹೋಗಲ್ವಾ?"

"ಬಡೀತವೆ. ಕೆಲವು ಇದ್ದಲ್ಲೇ ಸುತ್ತು ಹಾಕ್ತವೆ."

"ಹೂಂ," ಎಂದು ಅವಳು ತಲೆಯಾಡಿಸಿದಳು. ಅಂಥವರನ್ನು ಬೇಕಾದಷ್ಟು ನೋಡಿದ್ದಳು. ಅವತ್ತಿನಿಂದ ಅವನ ಕಣ್ಣೆದುರು ಒಂದು ದೃಶ್ಯ ಬಂದು ನಿಂತುಬಿಟ್ಟಿತು: ಅವಳು ಕೊಳದ ದಂಡೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಬಾಯಲ್ಲಿ ವಿಶಲ್ಲು, ಕೆಳಗೆ ನೀರಿನಲ್ಲಿ ಅವನವೇ ಲಕ್ಷೋಪಲಕ್ಷ ಸೋಮಾರಿಗಳು, ಎಲ್ಲರಿಗೂ ಅವನದೇ ಬೋಳುಹಣೆ, ಅವನದೇ ಹೊಟ್ಟೆ, ದಾರಿ ಯಾವ ಕಡೆಗೆಂದು ಒಬ್ಬರನ್ನೊಬ್ಬರು ಕೇಳುತ್ತ ಗಿರಗಿರ ಸುತ್ತುತ್ತಿದ್ದಾರೆ. "ಬಿಸ್ಕತ್ತು, ಕರಿದದ್ದು, ಸಿಹಿ, ಇವೆಲ್ಲ ಎಷ್ಟು ತಿಂತೀರಿ?" ಎಂದು ಡಾಕ್ಟರಮ್ಮ ಕೇಳಿದ್ದಳು. "ಕೆಲಸಕ್ಕೆ ಎಷ್ಟು ಬೇಕೋ ಅಷ್ಟು," ಅಂದಿದ್ದ. "ಏನು ಕೆಲಸ?" ಅಂದಳು. ಹೇಳಿದ. ಅವಳು ಪೆನ್ನು ಕೆಳಗಿಟ್ಟಳು. ಆಮೇಲೆ ನಿಧಾನವಾಗಿ ವಿವರಿಸಿದಳು: ಸೊಪ್ಪು, ಕಾಳು, ಟೊಮೇಟೊ, ಮೀನು ತಿನ್ನೋ ಹಾಗಿದ್ದರೆ ಮೀನು, ದಿನಾ ಒಂದು ಹಿಡಿ ಅಕ್ರೋಟು. ಖಂಡಿತ ಆಗುತ್ತೆ ಅಂತ ಯಾರೂ ಬರೆದುಕೊಡಲ್ಲ, ಆದರೆ ಕೆಲವರಿಗೆ ಅನುಕೂಲ ಆಗಿದ್ದುಂಟು. ಹೊಸದು ತಯಾರಾಗೋಕೆ ಎರಡೂವರೆ ಮೂರು ತಿಂಗಳು ಹಿಡಿಯುತ್ತೆ, ಆಮೇಲೆ ಇನ್ನೊಂದು ಸಲ ನೋಡೋಣ. ಆ ಮೂರು ತಿಂಗಳು ಮುಗಿದು, ನಿನ್ನೆ ಕೊಡಬೇಕಾದ್ದನ್ನು ಕೊಟ್ಟು ಬಂದದ್ದೂ ಆಗಿತ್ತು. ಇವತ್ತು ಮಧ್ಯಾಹ್ನದ ಮೇಲೆ ಇಬ್ಬರೂ ಹೋಗಿ ಏನಾಗಿದೆ ಅಂತ ಕೇಳಿಕೊಂಡು ಬರಬೇಕು.

ಅಡುಗೆಮನೆಯ ಸಿಂಕು ಹಾಳಾದದ್ದು ಇವತ್ತೇ ಕಟ್ಟಿಕೊಳ್ಳಬೇಕಿತ್ತೇ? ಹೆಂಡತಿಯೇ ಫೋನು ಮಾಡಿ ಪ್ಲಂಬರನನ್ನು ಕರೆಸಿದ್ದಳು. ಅವನು ನೆಲದ ಮೇಲೆ ಅಂಗಾತ ಮಲಗಿ, ತಂತಿ ತೂರಿಸಿ, ತಿರುವಿ, ಎಳೆದ. ಏನೋ ಬಂತು. ಇನ್ನೂ ಎಳೆದ, ಇನ್ನೂ ಬಂತು. ಹಸಿರು, ಕಂದು, ಮಧ್ಯೆ ಮಧ್ಯೆ ಟೊಮೇಟೊದ ಕೆಂಪು. ಹಡಗು ಕಟ್ಟಿಹಾಕುವ ಹಗ್ಗದಷ್ಟು ದಪ್ಪ, ಬಿಟ್ಟರೆ ಬೀದಿಯ ಕೊನೆವರೆಗೂ ಹೋಗುವಷ್ಟು ಉದ್ದ. ಪ್ಲಂಬರ್ ಒಂದು ಚೂರು ಬೆರಳಲ್ಲಿ ಉಜ್ಜಿ, ಮೂಸಿ, ಅದ್ಭುತವನ್ನು ಕಂಡವನ ಹಾಗೆ ಹೇಳಿದ: "ಯಾರೋ ಅಗಿದು ಹಾಕಿದಾರೆ ಕಣಮ್ಮಾ. ಇದು ಅಕ್ರೋಟು. ಎಷ್ಟು ನುಣ್ಣಗೆ ಅಗಿದಿದಾರೆ ನೋಡಿ, ಮಿಕ್ಸೀಲೂ ಇಷ್ಟು ನುಣ್ಣಗೆ ಆಗಲ್ಲ." ಭೂಮಿ ಬಾಯಿಬಿಡಬಾರದೇ ಎಂದುಕೊಂಡು ನಿಂತಿದ್ದವನ ಎದೆಯೊಳಗೆ, ಅಷ್ಟು ನಾಚಿಕೆಯ ನಡುವೆಯೂ, ಕಸುಬಿನ ಹೆಮ್ಮೆ ಒಂದು ಗಳಿಗೆ ಮಿಣಕ್ಕೆಂದಿತು. ಅದಕ್ಕಾಗಿ ಆಮೇಲೆ ಇನ್ನಷ್ಟು ನಾಚಿಕೆಯಾಯಿತು. ಹೆಂಡತಿ ಬಕೆಟ್ಟಿನೊಳಗೆ ನೋಡಿದಳು. ಅವನನ್ನು ನೋಡಲಿಲ್ಲ. ಟವೆಲು, ಟೋಪಿ, ವಿಶಲ್ಲು ಚೀಲಕ್ಕೆ ತುಂಬಿಕೊಂಡಳು. "ಡಾಕ್ಟ್ರ ಹತ್ರ ನೀವೊಬ್ರೇ ಹೋಗಿ ಬನ್ನಿ. ನನಗೆ ಕ್ಲಾಸಿದೆ," ಅಂದಳು. ಚಪ್ಪಲಿ ಹಾಕಿಕೊಳ್ಳುತ್ತ, ಬಾಗಿಲಿಗೆ ಹೇಳುವ ಹಾಗೆ, "ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತು," ಅಂದಳು. ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದಳು. ಧಡಾರ್ ಅಂತ ಹಾಕಿದ್ದರೆ ಬದುಕಿಕೊಳ್ಳುತ್ತಿದ್ದ.

ಬೇಡ ಅಂತ ಅವನೆಲ್ಲಿ ಹೇಳಿದ? ಬಾಯಿಗೆ ಇನ್ನೊಂದು ಬಿಸ್ಕತ್ತು ಹಾಕಿಕೊಂಡು ಕಣ್ಣು ಮುಚ್ಚಿದ. ಅದು ಮಣ್ಣಿನ ಹಾಗಿತ್ತು, ಅಥವಾ ಅಮೃತದ ಹಾಗಿತ್ತು, ಯಾರಿಗೆ ಗೊತ್ತು. ಪಥ್ಯ ಶುರುವಾದಾಗ ಉಗುಳುಪಾತ್ರೆಯ ಅಭ್ಯಾಸ ಮಾಡಿಕೊಂಡದ್ದು ಅವಳಿಗಾಗಿಯೇ. ಮೊದಲ ವಾರ ಅಳುವೇ ಬಂದಿತ್ತು. ಆಮೇಲೆ ಬಾಯಿ ತಾನೇ ಕಲಿತುಬಿಟ್ಟಿತು: ಅಗಿ, ಹೊರಳಿಸು, ಮೂಗಿನಿಂದ ಉಸಿರೆಳೆ, ತೀರ್ಪು ಕೊಡು, ಉಗಿ. ಬೆಳಿಗ್ಗೆ ಅವಳು ಕೊಳಕ್ಕೆ ಹೊರಟ ಮೇಲೆ ಬಟ್ಟಲು ಹಿಡಿದು ಸಿಂಕಿನ ಪಕ್ಕ ನಿಂತು ತಿನ್ನುತ್ತಿದ್ದ. ಸಂಜೆ ಅವಳು ಕ್ಲೋರಿನ್ ವಾಸನೆ ಹೋಗಲೆಂದು ತಲೆಗೆ ಸ್ನಾನ ಮಾಡುವಾಗ ಮತ್ತೊಂದು ಬಟ್ಟಲು. ಕಣ್ಣು ಮುಚ್ಚಿ ಅಗಿಯುತ್ತಿದ್ದ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣದ ಹಿಂದೆ ಒಂದು ಮಳೆನೀರಿನ ರುಚಿ, ಅಕ್ರೋಟಿನ ಸಿಪ್ಪೆಯಲ್ಲಿ ಹಳೇ ಪುಸ್ತಕದ ಒಗರು, ಕುಂಬಳಬೀಜದಲ್ಲಿ ಏನೂ ಇಲ್ಲ. ಹೀಗೆ ಒಂದೊಂದಕ್ಕೂ ತೀರ್ಪು ಕೊಟ್ಟು, ಬಾಗಿ, ಕೊಳಾಯಿ ತಿರುಗಿಸುತ್ತಿದ್ದ. ಗೊತ್ತಿಲ್ಲದೇ ಮಾಡಿದೆ ಎಂದು ಈಗ ಹೇಳಿಕೊಳ್ಳಬಹುದು. ಬಾಯಿಯ ಅಭ್ಯಾಸ, ಕಸುಬಿನ ಶಾಪ. ಆದರೆ ಕೊಳಾಯಿ ತಿರುಗಿಸಿದ್ದು ಬಾಯಿಯಲ್ಲವಲ್ಲ, ಕೈ. ಸಿಂಕಿನ ಅಂಚಿಗೆ ಅಂಟಿದ ಸೊಪ್ಪಿನ ಎಳೆಯನ್ನು ಬೆರಳಿಂದ ಒರೆಸಿ ತೊಳೆದದ್ದೂ ಕೈಯೇ. ಅಭ್ಯಾಸಕ್ಕೆ ಅಷ್ಟೊಂದು ಜಾಗ್ರತೆ ಇರುತ್ತದೆಯೇ?

ಬಾಗಿಲು ದೂಡಿಕೊಂಡು ಒಲೆ ಮೇಸ್ತ್ರಿ ಬಂದ, ಕೈಯಲ್ಲಿ ಹೊಸ ತಟ್ಟೆ. ಬೆಳಗಿನಿಂದ ಸಂಜೆವರೆಗೆ ಒಲೆಯೆದುರು ಬೇಯುವವನು. ಕರಿದದ್ದು ಬಿಟ್ಟರೆ ಬೇರೇನನ್ನೂ ಆಹಾರವೆಂದು ಒಪ್ಪದವನು. ಸೊಪ್ಪನ್ನು ದನದ ವಿಷಯವೆಂದು ತಿಳಿದವನು. ಅವನ ಮಕ್ಕಳೆಲ್ಲ ಸಾಲಾಗಿ ನಿಂತರೆ ಬಸ್ಸು ದಾರಿ ಬಿಡಬೇಕಾಗುತ್ತಿತ್ತು. "ಏನ್ ಸ್ವಾಮಿ, ಮುಖ ಸುಟ್ಟ ರಸ್ಕಿನ ಥರ ಆಗಿದೆ! ಈ ತಟ್ಟೆ ಹೇಗೆ ಹೇಳಿ."

"ನೀನೇ ಹೇಳು."

ಮೇಸ್ತ್ರಿ ಬೆಚ್ಚಿಬಿದ್ದ. "ನಾನು ಹೇಳೋದಾ? ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದೀರಾ ನನ್ನ? ಮೈ ಹುಷಾರಿಲ್ವಾ?"

"ಮೇಸ್ತ್ರಿ, ಒಂದು ಮಾತು. ನಿನ್ನ ಮಕ್ಕಳು… ಆಗೋಕೆ ಮುಂಚೆ ನೀನು ಏನಾದ್ರೂ ವಿಶೇಷವಾಗಿ ತಿಂತಿದ್ಯಾ?"

"ಬೈಗುಳ ತಿಂತಿದ್ದೆ," ಅಂದ ಮೇಸ್ತ್ರಿ, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ. ಅವನ ನಗೆಗೆ ಉಗುಳುಪಾತ್ರೆಯೂ ಝಣಗುಟ್ಟಿತು. ಆಮೇಲೆ ಎದುರಿನವನು ನಗದೇ ಇದ್ದದ್ದು ಕಂಡು ದನಿ ತಗ್ಗಿಸಿದ. "ಸುಮ್ನೆ ಅಂದೆ ಸ್ವಾಮಿ. ಒಬ್ಬೊಬ್ಬರ ಮೈ ಒಂದೊಂದು ಥರ. ನನ್ನ ತಮ್ಮ ದಿನಾ ಹಣ್ಣು ತಿಂದು ವ್ಯಾಯಾಮ ಮಾಡೋನು, ಅವನಿಗೆ ಎಷ್ಟೋ ವರ್ಷ ಆಗ್ಲೇ ಇಲ್ಲ. ಕೊನೆಕೊನೆಗೆ ಅವನೂ ಅವನ ಹೆಂಡ್ತಿನೂ ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಮಕ್ಕಳಿಲ್ಲ ಅಂತಲ್ಲ, ಯಾರಿಂದ ಆಗ್ತಿಲ್ಲ ಅನ್ನೋದು ಗೊತ್ತಾಗಿಬಿಡ್ತಲ್ಲ, ಅದಕ್ಕೆ." ತಟ್ಟೆಯನ್ನು ಅಲ್ಲೇ ಇಟ್ಟು ಹೊರಟವನು ಬಾಗಿಲಲ್ಲಿ ನಿಂತ. "ಆಮೇಲೆ ಈ ಬಿಸ್ಕತ್ತಿಗೆ ಉಪ್ಪು ಸಾಲದು ಅಂತ ನನ್ನ ಅಭಿಪ್ರಾಯ."

ನಿಜವಾಗಿಯೂ ಉಪ್ಪು ಸಾಲದಾಗಿತ್ತು. ಆದರೆ ಅವನು ಆ ತಟ್ಟೆಯನ್ನು ಮುಟ್ಟದೆಯೇ ಎದ್ದಿದ್ದ. ಯಾರಿಂದ ಅನ್ನೋದು ಗೊತ್ತಾಗಿಬಿಡ್ತಲ್ಲ. ಬೀದಿಯಲ್ಲಿ ನಡೆಯುತ್ತಿದ್ದರೂ ಆ ಮಾತು ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಇತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಔಷಧಿ ಅಂಗಡಿಯ ಗಾಜಿನಲ್ಲಿ ತನ್ನ ಹೊಟ್ಟೆ ತನಗಿಂತ ಮುಂಚೆ ಬಂದದ್ದನ್ನು ಕಂಡ. ಶಾಲೆಯಲ್ಲಿ ಓಟದ ಪಂದ್ಯದ ದಿನ ಹೊಟ್ಟೆನೋವೆಂದು ಮಲಗಿದ್ದು ನೆನಪಾಯಿತು. ನೋವಿರಲಿಲ್ಲ. ಓಡಿದ್ದರೆ ಗೆಲ್ಲುತ್ತಿದ್ದೆ ಎಂದು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಹೇಳಿ ಹೇಳಿ ಆ ಓಟ ಎಷ್ಟು ಚೆನ್ನಾಗಿ ಬೆಳೆಯಿತೆಂದರೆ, ಓಡಿ ಗೆದ್ದವನೂ ಒಮ್ಮೆ ಅವನ ಬೆನ್ನು ತಟ್ಟಿದ್ದ. ಸೊಪ್ಪು ಪೈಪಿನಲ್ಲಿರುವ ತನಕ ಸೋತದ್ದು ಪೈಪು, ಅವನಲ್ಲ. ಹೊಟ್ಟೆಗೆ ಹೋಗಿದ್ದರೆ? ದಿನಾ ನಿಷ್ಠೆಯಿಂದ ತಿಂದು, ನುಂಗಿ, ಅರಗಿಸಿಕೊಂಡು, ಆಮೇಲೂ ಡಾಕ್ಟರಮ್ಮ ಅದೇ ಮರ್ಯಾದೆಯ ಧಾಟಿಯಲ್ಲಿ ಸಾಲದು ಅಂದಿದ್ದರೆ? ಆಗ ಕೈಯಲ್ಲಿ ಇನ್ನೇನು ಉಳಿಯುತ್ತಿತ್ತು? ಅವನು ನಡುರಸ್ತೆಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಬಂದ ಸೈಕಲ್ಲಿನವನು, "ಮನೇಲಿ ಯೋಚನೆ ಮಾಡ್ರೀ!" ಎಂದು ಕೂಗಿ ಹೋದ. ಒಳ್ಳೆಯ ಸಲಹೆಯೇ. ಆದರೆ ಅವನು ಮನೆಗೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ, ಈಜುಕೊಳದ ಕಡೆ ತಿರುಗಿದ.

ಒಳಗೆ ಹಬೆ, ಕ್ಲೋರಿನ್ ವಾಸನೆ, ಪ್ರತಿಧ್ವನಿ. ಬೂಟು ಬಿಚ್ಚಬೇಕೆಂದು ಬಾಗಿಲ ಹತ್ತಿರದ ಹೆಂಗಸು ಗದರಿದಳು, ಬಿಚ್ಚಿದ. ಕಾಲುಚೀಲವನ್ನೂ ಬಿಚ್ಚಬೇಕೆಂದಳು, ಅದನ್ನೂ ಬಿಚ್ಚಿ, ಪ್ಯಾಂಟು ಮಡಿಚಿ, ಒದ್ದೆ ನೆಲದ ಮೇಲೆ ಬಾತುಕೋಳಿಯ ಹಾಗೆ ಹೆಜ್ಜೆಯಿಡುತ್ತ ಹೋದ. ಅವತ್ತು ಅಜ್ಜಿಯರ ಕ್ಲಾಸು. ಬಣ್ಣಬಣ್ಣದ ರಬ್ಬರ್ ಟೋಪಿ ಹಾಕಿದ ಅಜ್ಜಿಯರು ದಂಡೆಯ ಸರಳು ಹಿಡಿದು, ಮುಖ ಇವನ ಕಡೆ ಮಾಡಿಕೊಂಡು, ಹಿಂದೆ ಕಾಲು ಬಡಿಯುತ್ತಿದ್ದರು; ಸಮುದ್ರವೇ ಎದ್ದು ಬಂದಂತೆ ನೀರು ಚಿಮ್ಮುತ್ತಿತ್ತು. ಹೆಂಡತಿ ಅವರ ಮಧ್ಯೆ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ಇವನನ್ನು ಕಂಡೂ ಕಾಣದವಳ ಹಾಗೆ ಒಬ್ಬ ಅಜ್ಜಿಯ ಮೊಣಕಾಲು ನೆಟ್ಟಗೆ ಮಾಡಿದಳು.

ಅವನು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತ. "ಸ್ವಲ್ಪ ಕೇಳು."

"ಏನು? ಕೇಳ್ತಿಲ್ಲ. ಜೋರಾಗಿ ಹೇಳಿ."

"ಬೇಡ ಅಂತಲ್ಲ!"

"ಅಕ್ರೋಟು ಒಡೆದೂ ಒಡೆದೂ ನನ್ನ ಉಗುರು ನೋಡಿ ಹೇಗಾಗಿದೆ," ಎಂದು ಅವಳು ನೀರಿನಿಂದ ಕೈ ಎತ್ತಿ ತೋರಿಸಿದಳು. "ಇಷ್ಟು ವರ್ಷ ಕಾರ್ಖಾನೆ ಬಿಸ್ಕತ್ತು ಒಂದನ್ನೂ ಉಗಿಯದ ಬಾಯಿ, ನಾನು ಮಾಡಿಟ್ಟದ್ದನ್ನೇ ಉಗಿಯೋಕೆ ಕಲೀತಲ್ಲ ರೀ."

"ಏನಂತೆ?" ಎಂದು ಹಳದಿ ಟೋಪಿಯ ಅಜ್ಜಿ ಪಕ್ಕದವಳನ್ನು ಕೇಳಿದಳು, ಕಾಲು ಬಡಿಯುವುದನ್ನು ನಿಲ್ಲಿಸದೆ.

"ನುಂಗಲ್ವಂತೆ," ಎಂದಳು ನೀಲಿ ಟೋಪಿ.

"ಅಯ್ಯೋ, ನಮ್ಮನೆಯವರೂ ಹಾಗೇ ಇದ್ರು, ಮಾತ್ರೆ ವಿಷಯದಲ್ಲಿ."

ಅವನ ಕಿವಿ ಬಿಸಿಯಾಯಿತು. ಆದರೆ ಇಷ್ಟು ದೂರ ಬರಿಗಾಲಲ್ಲಿ ಬಂದಾಗಿತ್ತು. ಗಂಟಲಿನ ಮೂಲೆಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ, ನೀರಿನ ಸದ್ದಿನ ಮೇಲೆ ಕೂಗಿದ. ಅದೇ ಗಳಿಗೆಗೆ ಅವಳು ವಿಶಲ್ಲು ಊದಿದಳು, ಅಜ್ಜಿಯರೆಲ್ಲ ಒಟ್ಟಿಗೇ ಕಾಲು ನಿಲ್ಲಿಸಿದರು, ಮತ್ತು ಆ ಎತ್ತರದ ಚಾವಣಿಯ ಕೆಳಗಿನ ಪರಿಪೂರ್ಣ ಮೌನದಲ್ಲಿ ಅವನ ದನಿ ಗೋಡೆಯಿಂದ ಗೋಡೆಗೆ ಹೋಗಿ ಬಂತು: "ಎಲ್ಲಾ ತಿಂದೂ ಆಗದೇ ಹೋದ್ರೆ ಏನು ಮಾಡ್ಲಿ!"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನೂ ನಕ್ಕು ಪಾರಾಗುತ್ತಿದ್ದ. ನೀರು ಮಾತ್ರ ದಂಡೆಗೆ ಬಡಿದು ಬಡಿದು ಸುಮ್ಮನಾಯಿತು. ಹೆಂಡತಿ ಅವನನ್ನು ನೋಡಿದಳು, ಬೆಳಗಿನಿಂದ ಮೊದಲ ಸಲ. ಬೇರೆ ಯಾರಿಗೂ ಕೇಳಬಾರದೆಂಬಂತೆ, "ತಿನ್ನದೇ ಇದ್ರೆ ಆಗುತ್ತೋ ಇಲ್ವೋ ಗೊತ್ತಾಗಲ್ಲ ಅಂತಲಾ?" ಅಂದಳು.

ಅವನು ತಲೆಯಾಡಿಸಿದ.

"ನಾನು ಏನಂದುಕೊಂಡೆ ಗೊತ್ತಾ ಬೆಳಿಗ್ಗೆ?" ಅವಳ ಬಾಯಿ ಒಂದು ಸಲ ಸೊಟ್ಟಗಾಯಿತು. "ನನ್ನಿಂದ ಮಗು ಬೇಡ ಅಂತ ಅಂದುಕೊಂಡೆ." ಮುಖಕ್ಕೆ ಎರಡು ಬೊಗಸೆ ನೀರು ಹಾಕಿಕೊಂಡಳು, ಇರುವ ನೀರೇ ಸಾಲದೆಂಬಂತೆ. "ಅಜ್ಜೀ, ಇವತ್ತಿಗೆ ಸಾಕು. ಎಲ್ಲಾರೂ ಹುಷಾರಾಗಿ ಮೇಲೆ ಬನ್ನಿ. ರೀ, ಹಾಗೇ ಕೂತಿರಿ, ಬಟ್ಟೆ ಬದಲಾಯಿಸಿಕೊಂಡು ಬರ್ತೀನಿ." ಹಳದಿ ಟೋಪಿಯ ಅಜ್ಜಿ ಮೆಟ್ಟಿಲು ಹತ್ತಿ ಬಂದವಳು ಇವನ ಭುಜ ಹಿಡಿದು ಸಮತೋಲನ ಮಾಡಿಕೊಂಡು, ಒದ್ದೆ ಕೈಯಿಂದ ಬೆನ್ನು ತಟ್ಟಿ, "ಜೇನುತುಪ್ಪದ ಜೊತೆ ನುಂಗಪ್ಪಾ, ಗೊತ್ತೇ ಆಗಲ್ಲ," ಎಂದು ಹೇಳಿ ಹೋದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಂಪ್ಯೂಟರಿನ ಕಡೆ ನೋಡುತ್ತ ಹುಬ್ಬು ಏರಿಸಿದಳು. "ಪರವಾಗಿಲ್ವೇ! ಚಲನೆ ಮುಂಚೆಗಿಂತ ಮೇಲು. ತುಂಬಾ ಅಲ್ಲ, ಆದರೂ ಮೇಲು. ನೋಡಿದ್ರಾ, ಸೊಪ್ಪು, ಅಕ್ರೋಟು ಕೆಲಸ ಮಾಡಿರಬೇಕು." ಅವನ ಎದೆಯಲ್ಲಿ ಬ್ಯಾಂಡು ಬಾರಿಸಿತು, ಪಟಾಕಿ ಸಿಡಿಯಿತು, ಗಿರಗಿರ ಸುತ್ತುತ್ತಿದ್ದ ಬೋಳುಹಣೆಯವರೆಲ್ಲ ಒಂದೇ ದಿಕ್ಕಿಗೆ ತಿರುಗಿ ಹೋ ಎಂದರು. ಬಾಯಿ ಮುಚ್ಚಿಕೊಂಡು ಎದ್ದು ಬಂದರೆ ಆಯಿತು, ಗೆದ್ದ ಹಾಗೇ. ಕಾರ್ಖಾನೆಯಲ್ಲಿ ಹೇಳಬಹುದು, ಬೀದಿಯಲ್ಲಿ ಹೇಳಬಹುದು, ಇನ್ನು ಹತ್ತು ವರ್ಷದಲ್ಲಿ ಅದು ಎಷ್ಟು ದೊಡ್ಡದಾಗಿ ಬೆಳೆಯುತ್ತದೋ! ಹೆಂಡತಿ ಪಕ್ಕದಲ್ಲಿ ಮಾತಾಡದೆ ಕೂತಿದ್ದಳು. ತೊಡೆಯ ಮೇಲಿದ್ದ ಅವಳ ಕೈಯ ಉಗುರುಗಳ ಸಂದಿನಲ್ಲಿ ಅಕ್ರೋಟಿನ ಕಂದು. ಅವನ ಬಾಯಿಯಿಂದ ಯಾರೋ ಬೇರೆಯವರು ಮಾತಾಡಿದಂತೆ ಆಯಿತು.

"ಡಾಕ್ಟ್ರೇ, ನಾನು ಅದನ್ನ ತಿಂದಿಲ್ಲ. ಎಲ್ಲಾ ಸಿಂಕಿಗೆ ಉಗಿದೆ."

ಡಾಕ್ಟರಮ್ಮ ಅವನನ್ನು ನೋಡಿದಳು, ಹೆಂಡತಿಯನ್ನು ನೋಡಿದಳು. ಹೆಂಡತಿ ಹೌದೆಂದು ತಲೆಯಾಡಿಸಿದಳು. "ಎಲ್ಲಾನೂ?"

"ಇವತ್ತು ಬೆಳಿಗ್ಗೆ ಪ್ಲಂಬರ್ ಬಂದಿದ್ದ," ಎಂದಳು ಹೆಂಡತಿ, ಸಾಕ್ಷಿ ಹೇಳುವವಳ ಹಾಗೆ.

"ಬಿಸ್ಕತ್ತು?"

"ಅದನ್ನೂ ಉಗೀತಿದ್ದೆ. ಕಾರ್ಖಾನೆಯಲ್ಲಿ."

ಡಾಕ್ಟರಮ್ಮ ತುಟಿ ಕಚ್ಚಿಕೊಂಡಳು; ಆದರೂ ನಗು ಮೂಗಿನಿಂದ ಬಂದೇಬಿಟ್ಟಿತು. ಕನ್ನಡಕ ತೆಗೆದು ಒರೆಸಿಕೊಂಡಳು. "ಹಾಗಾದ್ರೆ ಬಿಸ್ಕತ್ತು ಬಿಟ್ಟದ್ದಕ್ಕೇ ಆಗಿರಬಹುದು. ಅಥವಾ ಯಾವುದಕ್ಕೂ ಅಲ್ಲದೆ ಸುಮ್ಮನೆ ಆಗಿರಬಹುದು. ಇದು ಒಂದೊಂದು ಸಲ ಒಂದೊಂದು ಥರ ಬರುತ್ತೆ, ಒಂದು ಪರೀಕ್ಷೆ ನೋಡಿಕೊಂಡು ಏನೂ ಹೇಳೋಕಾಗಲ್ಲ. ಈಗ ಇನ್ನೊಂದು ಮೂರು ತಿಂಗಳು, ದಯವಿಟ್ಟು, ನುಂಗಿ ನೋಡಿ."

"ನುಂಗಿದ ಮೇಲೆ ಕಡಿಮೆ ಆದ್ರೆ?"

"ಆದ್ರೆ ಬನ್ನಿ. ಬೇರೆ ದಾರಿಗಳಿವೆ. ಇಬ್ರೂ ಒಟ್ಟಿಗೆ ಬನ್ನಿ."

ಮನೆ ಹತ್ತಿರ ಬಂದಾಗ ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು, ಬೀಗ ತೆಗೆಯಲಾಗದಷ್ಟು. ಬೀಗದ ಕೈ ಅವನ ಕೈಗೆ ಕೊಟ್ಟು ಗೋಡೆಗೆ ಆತು ನಿಂತು ನಕ್ಕಳು. "ಇದ್ದದ್ದನ್ನೆಲ್ಲ ಹೇಳಿಬಿಟ್ರಲ್ಲ ರೀ! ನಾನು ಸುಮ್ನೆ ಇರ್ತಿದ್ದೆ." "ನೀನು ಸುಮ್ನೆ ಇದ್ದದ್ದಕ್ಕೇ ಹೇಳಿದೆ," ಅಂದ. ಅದಕ್ಕೆ ಏನು ಅರ್ಥವೋ ಅವನಿಗೇ ಪೂರ್ತಿ ತಿಳಿಯಲಿಲ್ಲ. ಅವಳಿಗೆ ತಿಳಿದಂತಿತ್ತು, ಏಕೆಂದರೆ ನಗು ನಿಂತಿತು.

ಅಡುಗೆಮನೆಯಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ಅವಳು ಸೊಪ್ಪು ಬೇಯಿಸಿ, ಬೀನ್ಸು ಸೇರಿಸಿ, ಮೇಲೆ ಅಕ್ರೋಟು ಪುಡಿಮಾಡಿ ಹಾಕಿ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಎದುರು ಕೂತು ಅವನ ಗಂಟಲನ್ನೇ ಕಾಯುತ್ತಾಳೆಂದು ಅವನು ಅಂದುಕೊಂಡಿದ್ದ. ಅದಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡು ಸಿದ್ಧನಾಗಿ ಕೂತೂ ಇದ್ದ. ಅವಳು ಹಾಗೆ ಮಾಡಲಿಲ್ಲ. ಬೇಕೆಂದೇ ಬೆನ್ನು ತಿರುಗಿಸಿ, ಕಿಟಕಿಯ ಹತ್ತಿರ ನಿಂತು, ಒದ್ದೆ ಟವೆಲನ್ನು ಒಣಹಾಕತೊಡಗಿದಳು. ಅದರ ಒಂದು ಮೂಲೆಯನ್ನು ಎಳೆದು ಸರಿಮಾಡಿದಳು, ಮತ್ತೆ ಇನ್ನೊಂದು ಮೂಲೆಯನ್ನು, ಮತ್ತೆ ಮೊದಲ ಮೂಲೆಯನ್ನೇ. ಜಗತ್ತಿನಲ್ಲಿ ಯಾವ ಟವೆಲಿಗೂ ಅಷ್ಟು ಆರೈಕೆ ಸಿಕ್ಕಿರಲಾರದು. ಯಾರೂ ನೋಡುತ್ತಿರಲಿಲ್ಲ. ಅವನು ಒಂದು ದೊಡ್ಡ ತುತ್ತು ಬಾಯಿಗಿಟ್ಟು ಅಗಿದ. ಕಬ್ಬಿಣ ಬಂತು, ಮಳೆನೀರು ಬಂತು, ಒಗರು ಬಂತು. ನಾಲಿಗೆ ತನ್ನ ತೀರ್ಪನ್ನು ಬರೆದು, ಸಹಿ ಹಾಕಿ, ಎಂದಿನಂತೆ ತುತ್ತನ್ನು ಹಲ್ಲಿನ ಹಿಂದಕ್ಕೆ ತಂದು ನಿಲ್ಲಿಸಿತು. ಮೈ ತಾನಾಗಿ ಎಡಕ್ಕೆ ಬಾಗಲು ಹೊರಟಿತು. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿತು, ಕಿವಿ ಗುಂಯ್ ಎಂದಿತು, ಬೆಟ್ಟವೊಂದನ್ನು ಬೇರು ಸಮೇತ ಕಿತ್ತು ಇನ್ನೊಂದು ಕಡೆಗೆ ಸಾಗಿಸುವವನ ಹಾಗೆ ಒಂದು ಸಲ ಗಂಟಲು ಮೇಲೇರಿತು. ಇಳಿಯಿತು. ಹೋಯಿತು. ಇನ್ನು ವಾಪಸು ಬರುವ ಹಾಗಿಲ್ಲ. ಆಗುತ್ತೋ ಇಲ್ಲವೋ ಅನ್ನುವುದು ಇನ್ನು ನಿಜವಾಗಿಯೂ ಗೊತ್ತಾಗಿಬಿಡುತ್ತದೆ.

ಟವೆಲಿನ ಮೇಲೆ ಅವಳ ಕೈ ನಿಂತಿತ್ತು. ತಿರುಗದೆಯೇ ಕೇಳಿದಳು: "ಹೇಗಿದೆ?"

"ತುಂಬಾ ಕೆಟ್ಟದಾಗಿದೆ ಕಣೇ," ಅಂದ. ಬಟ್ಟಲನ್ನು ತಳ ಕಾಣುವ ಹಾಗೆ ಕೆರೆದು ಮುಂದಕ್ಕೆ ನೂಕಿದ. "ಇನ್ನೊಂದು ಸ್ವಲ್ಪ ಹಾಕು."